ಜ್ವರ ಬಿಟ್ಟಿತು, ಅಮ್ಮನಿಗೆ ಏಳೋಕೆ ಆಗಲಿಲ್ಲ

ಕಳೆದ ಆಷಾಢದಲ್ಲಿ ಅಮ್ಮನಿಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಆಸ್ಪತ್ರೆ. ಜ್ವರ ಇಳಿಯಿತು, ಕೆಮ್ಮು ಕಡಿಮೆಯಾಯಿತು, ಮನೆಗೆ ಕರ್ಕೊಂಡು ಹೋಗಿ ಅಂದರು. ಮನೆ ಮುಂದೆ ಆಟೋ ಇಳಿಯುವಾಗಲೇ ನನಗೆ ಗೊತ್ತಾಗಿದ್ದು, ಅಮ್ಮನ ಕಾಲಲ್ಲಿ ಶಕ್ತಿಯೇ ಇಲ್ಲ ಅಂತ. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈ ಆಟೋ ಕಂಬಿ ಮೇಲೆ. ಹದಿನೈದು ದಿನದ ಹಿಂದೆ ಇದೇ ಅಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡ್ಕೊಂಡು ತಾರಸಿ ಹತ್ತಿದ್ದಳು. ವಯಸ್ಸು 69.

ನೋಡೋಕೆ ಬಂದವರೆಲ್ಲ ಒಂದೇ ಮಾತು. "ಪಾಪ, ಎಷ್ಟು ಸೊರಗಿದ್ದಾರೆ. ಒಂದು ತಿಂಗಳು ಏಳೋಕೆ ಬಿಡಬೇಡಿ." ನಾವೂ ಹಾಗೇ ಮಾಡಿದೆವು. ನೀರು ಮಂಚಕ್ಕೆ, ಊಟ ಮಂಚಕ್ಕೆ, ಫೋನು ಮಂಚಕ್ಕೆ. ಬೆಳಗ್ಗೆ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತಿಳಿಸಾರು, ಸಂಜೆ ಎಳನೀರು, ರಾತ್ರಿ ಹಾಲಲ್ಲಿ ನೆನೆಸಿದ ಬ್ರೆಡ್ಡು. ಎಲ್ಲಾ ಪ್ರೀತಿಯಿಂದಲೇ ಮಾಡಿದ್ದು. ಆ ಹತ್ತು ದಿನದಲ್ಲಿ ಅಮ್ಮ ಇನ್ನಷ್ಟು ಕುಗ್ಗಿದಳು.

ತೂಕ 58ರಿಂದ 53ಕ್ಕೆ ಬಂದಿತ್ತು. "ಸಣ್ಣ ಆಗಿದ್ದು ಒಳ್ಳೇದೇ ಬಿಡಿ, ಮಂಡಿಗೆ ಭಾರ ಕಡಿಮೆ" ಅಂದವರೂ ಇದ್ದರು. ಒಂದು ರಾತ್ರಿ ಕಾಲಿಗೆ ಎಣ್ಣೆ ಹಚ್ಚಲು ಕೂತೆ. ತೊಡೆ ಮುಟ್ಟಿದರೆ ಒಳಗೆ ಗಟ್ಟಿ ಅನ್ನೋದೇ ಸಿಗಲಿಲ್ಲ. ಚರ್ಮ ಬೆರಳಿನ ಜೊತೆ ಸರಿದಾಡುತ್ತಿತ್ತು. ಇಳಿದಿದ್ದು ಕೊಬ್ಬಲ್ಲ, ಸ್ನಾಯು. ಅವತ್ತು ನನಗೆ ನಿಜವಾಗಿ ಭಯ ಆಯಿತು.

ಆಮೇಲೆ ಕೂತು ಓದಿದೆ, ಡಾಕ್ಟರ ಹತ್ತಿರ ಕೇಳಿದೆ. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಅನ್ನಿಸಿದ್ದಕ್ಕೇ ಈಗ ಇಲ್ಲಿ ಬರೀತಾ ಇದ್ದೀನಿ.

ಸ್ನಾಯು ಅಂದ್ರೆ ಬರೀ ಭಾರ ಎತ್ತೋಕೆ ಇರೋದಲ್ಲ. ಅದು ನಮ್ಮ ಮೈಯ ಕಣಜ. ಕಾಯಿಲೆ ಬಂದಾಗ ಸೋಂಕಿನ ವಿರುದ್ಧ ಹೋರಾಡಲು ದೇಹಕ್ಕೆ ಪ್ರೋಟೀನ್ ಬೇಕು. ಊಟ ಸೇರುವುದಿಲ್ಲ. ಆಗ ದೇಹ ಈ ಕಣಜ ತೆಗೆದು ಬಳಸುತ್ತದೆ. ಮಲಗಿಯೇ ಇದ್ದರಂತೂ ಖಾಲಿಯಾಗುವ ವೇಗ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಸರಾಸರಿ 67 ವಯಸ್ಸಿನ 12 ಜನ ಆರೋಗ್ಯವಂತರನ್ನು ಬರೀ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. 2007ರಲ್ಲಿ ಅದರ ವರದಿ ಬಂತು. ಕಾಲುಗಳಿಂದಲೇ ಹೆಚ್ಚುಕಮ್ಮಿ ಒಂದು ಕೆಜಿ ಹೋಗಿತ್ತು. ಗಮನಿಸಿ, ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಊಟವೂ ಸರಿಯಾಗಿತ್ತು. ಮಲಗಿದ್ದಷ್ಟೇ. ನಮ್ಮಮ್ಮ ಆಸ್ಪತ್ರೆ, ಮನೆ ಸೇರಿ ಹತ್ತೊಂಬತ್ತು ದಿನ ಮಲಗಿದ್ದಳು, ಅದೂ ಜ್ವರದಲ್ಲಿ, ಗಂಜಿ ಕುಡಿದುಕೊಂಡು.

ಕಾಯಿಲೆ ಇಲ್ಲದಿದ್ದರೂ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟವರು ಅರ್ವಿನ್ ರೋಸೆನ್‌ಬರ್ಗ್, 1989ರಲ್ಲಿ. ಗ್ರೀಕ್ ಭಾಷೆಯಲ್ಲಿ ಮಾಂಸದ ಬಡತನ ಅಂತ ಅರ್ಥ. ಮಂಡಿ ನೋವು, ಬಿಪಿ, ಶುಗರ್ ಬಗ್ಗೆ ನಮ್ಮ ಮನೆಗಳಲ್ಲಿ ದಿನಾ ಮಾತಾಡ್ತೀವಿ. ಈ ಬಡತನದ ಬಗ್ಗೆ ಮಾತೇ ಇಲ್ಲ. "ವಯಸ್ಸಾಯ್ತು ಕಣಪ್ಪಾ" ಅಂದು ಮುಗಿಸಿಬಿಡ್ತೀವಿ.

ನಮ್ಮವರ ಕಣಜ ಮೊದಲೇ ಚಿಕ್ಕದು, ಅದು ಬೇರೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಪಕ್ಕಪಕ್ಕ ನಿಂತಿರುವ ಒಂದು ಫೋಟೋ 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದ್ದೂ ಒಂದೇ, 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ಕೊಬ್ಬು ಜಾಸ್ತಿ ಅಂದರೆ ಸ್ನಾಯುವಿನ ಪಾಲು ಕಡಿಮೆ. ತೂಕದ ಮಷಿನ್ ಇದನ್ನು ಹೇಳೋದಿಲ್ಲ. ಊಟದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವ ದೊಡ್ಡ ಜಾಗವೂ ಸ್ನಾಯುವೇ. ಸಣ್ಣಗಿರುವವರಿಗೂ ಶುಗರ್ ಬರೋದಕ್ಕೆ ಇದೂ ಒಂದು ಕಾರಣ.

ಕೊನೆಗೆ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಮಷಿನ್ ಏನೂ ತಂದಿರಲಿಲ್ಲ. ಊಟದ ಮೇಜಿನ ಕುರ್ಚಿ ಎಳೆದು ಗೋಡೆಗೆ ಒರಗಿಸಿದಳು. "ಅಮ್ಮಾ, ಕೈ ಎದೆ ಮೇಲೆ ಕಟ್ಕೊಳ್ಳಿ. ಈಗ ಏಳಿ ನೋಡೋಣ."

ಅಮ್ಮ ಮುಂದಕ್ಕೆ ಬಾಗಿದಳು. ಒಂದಿಂಚು ಎದ್ದಳು, ಧೊಪ್ಪಂತ ಕೂತಳು. ಮತ್ತೆ ಪ್ರಯತ್ನಪಟ್ಟಳು. ಮೂರನೇ ಸಲಕ್ಕೆ ಕಣ್ಣು ತುಂಬಿತು. "ಇಷ್ಟು ಎತ್ತರದ ಕುರ್ಚಿಯಿಂದ ಏಳೋಕಾಗಲ್ವಾ ನಂಗೆ?"

ಆ ಹುಡುಗಿ ಸುಮ್ನೆ ಎರಡು ಜಮಖಾನ ಮಡಚಿ ಕುರ್ಚಿ ಮೇಲೆ ಹಾಕಿದಳು. ಕೂರುವ ಜಾಗ ನಾಲ್ಕು ಬೆರಳು ಎತ್ತರವಾಯಿತು. ಈಗ ಅಮ್ಮ ಎದ್ದಳು! ನಡುಗುತ್ತಾ, ಹಲ್ಲು ಕಚ್ಚಿ, ಆದರೆ ಕೈ ಊರದೆ. "ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತು ಐದು ಸಲ. ಕೂರುವಾಗ ಬೀಳಬಾರದು, ನಿಧಾನ ಇಳೀಬೇಕು" ಅಂದಳು. ಮೂರನೇ ವಾರ ಒಂದು ಜಮಖಾನ ತೆಗೆದೆವು. ಆರನೇ ವಾರ ಇನ್ನೊಂದು. ಬರೀ ನಡೆದರೆ ಸಾಲದಂತೆ. ವಾಕಿಂಗ್ ಎದೆಗೆ ಒಳ್ಳೇದು, ಆದರೆ ತೊಡೆ ಗಟ್ಟಿಯಾಗಬೇಕಾದರೆ ಅದಕ್ಕೆ ಸ್ವಲ್ಪ ಕಷ್ಟ ಕೊಡಲೇಬೇಕು. ನೆಲದ ಮೇಲೆ ಕೂತು ಉಣ್ಣುತ್ತಿದ್ದಾಗ, ಬಾವಿಯಿಂದ ನೀರು ಸೇದುತ್ತಿದ್ದಾಗ ಈ ಕಷ್ಟ ತಾನಾಗೇ ಸಿಗುತ್ತಿತ್ತು.

"ಈ ವಯಸ್ಸಲ್ಲಿ ಸ್ನಾಯು ಬೆಳೆಯುತ್ತಾ?" ಅಂತ ಅಪ್ಪ ಕೇಳಿದರು. ಬೆಳೆಯುತ್ತೆ. 1990ರಲ್ಲಿ ಮರಿಯಾ ಫಿಯಾಟರೋನೆ ಅನ್ನುವ ವೈದ್ಯೆ ಮತ್ತು ಅವರ ತಂಡದವರು ಬಾಸ್ಟನ್ನಿನಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಏರಿತು. ನಾಲ್ಕು ವರ್ಷ ಬಿಟ್ಟು ನೂರು ಜನರ ಮೇಲೆ ಮತ್ತೆ ಮಾಡಿದರು. ಆಗ ತಿಳಿದ ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸಿತು. ವ್ಯಾಯಾಮ ಇಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿಸಿದವರಿಗೆ ಶಕ್ತಿ ಬರಲಿಲ್ಲ. ನೋಡೋಕೆ ಬಂದವರು ತಂದುಕೊಟ್ಟ ಪೌಡರ್ ಡಬ್ಬಿಗಳು ನಮ್ಮ ಮನೆಯಲ್ಲಿ ಸಾಲಾಗಿ ಕೂತಿದ್ದವು.

ಹಾಗಂತ ಊಟ ಬಿಡೋ ಹಾಗಿಲ್ಲ. ವಯಸ್ಸಾದ ಸ್ನಾಯುವಿಗೆ ಸ್ವಲ್ಪ ಪ್ರೋಟೀನ್ ಕೊಟ್ಟರೆ ಕೇಳಿಸೋದೇ ಇಲ್ಲ, ಒಂದೊಂದು ಹೊತ್ತಿಗೂ ಗಟ್ಟಿಯಾಗಿ ಕೊಡಬೇಕು. ಕಾಯಿಲೆಯಿಂದ ಎದ್ದ ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 1.2 ಗ್ರಾಂನಿಂದ 1.5 ಗ್ರಾಂವರೆಗೆ ಬೇಕು ಅಂತ ತಜ್ಞರು ಹೇಳುತ್ತಾರೆ. ಅಮ್ಮನ ಲೆಕ್ಕಕ್ಕೆ 64 ಗ್ರಾಂ ಆದರೂ ಬೇಕಿತ್ತು. ನಾವು ಕೊಡುತ್ತಿದ್ದ ಗಂಜಿ, ತಿಳಿಸಾರು, ಬ್ರೆಡ್ಡು ಕೂಡಿಸಿ ನೋಡಿದರೆ ಮೂವತ್ತೂ ದಾಟುತ್ತಿರಲಿಲ್ಲ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಬೆಳಗ್ಗೆ ಹೆಸರುಬೇಳೆ ದೋಸೆ, ಮಧ್ಯಾಹ್ನ ಮೊಳಕೆ ಹುರುಳಿ ಸಾರಲ್ಲಿ ಕಾಳೇ ಜಾಸ್ತಿ, ಜೊತೆಗೆ ಗಟ್ಟಿ ಮೊಸರು, ಸಂಜೆ ಕಡ್ಲೆಕಾಳು ಉಸಲಿ, ರಾತ್ರಿ ಪನೀರ್ ಪಲ್ಯ, ಒಂದು ಲೋಟ ಹಾಲು. ಅನ್ನ ಅರ್ಧ ಮಾಡಿದೆವು. ಶನಿವಾರದ ಒಪ್ಪತ್ತು ಬಿಡಿಸೋಕೆ ಮಾತ್ರ ಜಗಳವೇ ಆಯಿತು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ನಾವೂ ರಕ್ತ ಪರೀಕ್ಷೆ ಮಾಡಿಸಿಯೇ ಶುರು ಮಾಡಿದ್ದು.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಏಳು ಮಾತ್ರೆ, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಲ್ಲಾ ಅಚ್ಚುಕಟ್ಟಾಗಿ ಬರೆದಿದ್ದಾರೆ. ಕೊನೆಯಲ್ಲಿ "ವಿಶ್ರಾಂತಿ" ಅಂತ ಒಂದೇ ಪದ. ಆ ಪದದ ಜಾಗದಲ್ಲಿ "ದಿನಾ ಇಷ್ಟು ಸಲ ಕುರ್ಚಿಯಿಂದ ಎಬ್ಬಿಸಿ ಕೂರಿಸಿ, ಇಷ್ಟು ಪ್ರೋಟೀನ್ ಕೊಡಿ" ಅಂತ ಒಂದು ಸಾಲು ಇದ್ದಿದ್ದರೆ ನಮಗೆ ಆ ಹತ್ತು ದಿನ ಹಾಳಾಗುತ್ತಿರಲಿಲ್ಲ. ಎಲ್ಲಾ ಆಸ್ಪತ್ರೆಗಳೂ ಈ ಒಂದು ಸಾಲು ಬರೆಯಲೇಬೇಕು ಅಂತ ನಾನು ಕೇಳಿಕೊಳ್ಳುತ್ತೇನೆ. ಅವರು ಬರೆಯದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಸ್ನಾಯುವಿನ ಕಡೆ ಗಮನ ಕೊಡಬೇಕು ಅಂತ ಏಷ್ಯಾದ ತಜ್ಞರು 2019ರಲ್ಲಿ ಒಂದು ಗೆರೆ ಹಾಕಿದ್ದಾರೆ. ಎರಡನೇ ಜಮಖಾನ ತೆಗೆದ ದಿನ ಅಮ್ಮನಿಗೆ 21 ಸೆಕೆಂಡ್ ಬೇಕಾಯಿತು. ದೀಪಾವಳಿಗೆ ಚಿಕ್ಕಮ್ಮನ ಊರಿಗೆ ಹೊರಟಾಗ ಬಸ್ಸಿನ ಮೊದಲ ಮೆಟ್ಟಿಲ ಹತ್ತಿರ ನಾನು ಕೈ ಚಾಚಿದೆ. "ನೀನು ಬ್ಯಾಗ್ ಹಿಡ್ಕೋ" ಅಂದವಳೇ ಕಂಬಿ ಹಿಡಿದು ಹತ್ತಿಬಿಟ್ಟಳು. ಈಗ 13 ಸೆಕೆಂಡಿಗೆ ಬಂದಿದ್ದಾಳೆ. ಬೆಳಗ್ಗೆ ಕಾಫಿಗೆ ಮುಂಚೆಯೇ ಕುರ್ಚಿ ಗೋಡೆಗೆ ಒರಗಿಸಿ, ಕೈ ಕಟ್ಟಿ ಕೂತು, ಟೈಮ್ ನೋಡು ಬಾ ಅಂತ ನನ್ನನ್ನು ಕರೀತಾಳೆ.