ನಾಲ್ಕನೇ ಕ್ಲಾಸಿನ 'ಅಡಲ್ಟ್'

ಭಾನುವಾರ ಒಂದು ವಾಟರ್ ಪಾರ್ಕಿನ ಟಿಕೆಟ್ ಕೌಂಟರ್ ಹತ್ತಿರ ಕಂಡಿದ್ದು. ಪಾರ್ಕಿನ ಹೆಸರು ಬೇಡ. ಗೋಡೆ ಮೇಲೆ ಜಿರಾಫೆ ಚಿತ್ರ, ಅದರ ಕತ್ತಿನ ಹತ್ತಿರ ಒಂದು ಕೆಂಪು ಗೆರೆ. ಗೆರೆ ಕೆಳಗೆ ಒಬ್ಬಳು ಹುಡುಗಿ, ನಾಲ್ಕನೇ ಕ್ಲಾಸಂತೆ. ಅವರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತುತ್ತಾ ಇದ್ದಾರೆ. ಉದ್ದ ಲಂಗದೊಳಗೆ ಮಗು ಮಂಡಿ ಬಗ್ಗಿಸಿದೆ. "ನೆಟ್ಟಗೆ ನಿಂತ್ಕೋ ಪುಟ್ಟಿ" ಅಂದ ಸೆಕ್ಯೂರಿಟಿಯವನು. ನಿಂತಳು. ತಲೆ ಗೆರೆ ದಾಟಿತು. "ಅಡಲ್ಟ್ ಟಿಕೆಟ್ ಆಗುತ್ತೆ ಮೇಡಂ." ಕ್ಯೂನಲ್ಲಿ ಹಿಂದೆ ಯಾರೋ ಕಿಸಕ್ಕಂತ ನಕ್ಕರು. ಆ ಹುಡುಗಿ ತಲೆ ಎತ್ತಲಿಲ್ಲ.

ನಿಜ ಹೇಳ್ತೀನಿ, ನನಗೆ ಆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದು ಆ ಜಿರಾಫೆ ಮೇಲೆ.

ನನ್ನ ಕೆಲಸ ಏನು ಅಂತ ಇಲ್ಲಿರೋರಿಗೆ ಗೊತ್ತು. ದಿನಾ ಮಕ್ಕಳನ್ನ ಗೋಡೆಗೆ ನಿಲ್ಲಿಸಿ, ಎತ್ತರ ಅಳೆದು, ಬೆಳವಣಿಗೆಯ ಚಾರ್ಟಲ್ಲಿ ಚುಕ್ಕೆ ಇಡೋದು. ಹಾಗಾಗಿ ಇದೊಂದು ವಿಷಯದಲ್ಲಿ ನನ್ನನ್ನ ಸುಮ್ಮನಿರು ಅನ್ನಬೇಡಿ. ಎತ್ತರ ಅನ್ನೋದು ವಯಸ್ಸಲ್ಲ ಕಣ್ರೀ.

ನಮ್ಮ ಕಡೆ ಪಾರ್ಕುಗಳ ಲೆಕ್ಕ ಹೆಚ್ಚಾಗಿ ಸೆಂಟಿಮೀಟರಿನದ್ದು. ಬಿಡದಿಯ ವಂಡರ್‌ಲಾ ತಗೊಳ್ಳಿ (ನಾನು ನಿಂತಿದ್ದ ಜಾಗ ಅದಲ್ಲ, ಜಗಳಕ್ಕೆ ಬರಬೇಡಿ): 85 ಸೆಂ.ಮೀ.ಗಿಂತ ಕೆಳಗಿದ್ರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. ಮಕ್ಕಳ ಟಿಕೆಟ್ ಅಂದ ತಕ್ಷಣ ಬಸ್ಸಿನ ಹಾಫ್ ಟಿಕೆಟ್ ನೆನಪು ಮಾಡ್ಕೋಬೇಡಿ. ಕಡಿಮೆ ಆಗೋದು ಸುಮಾರು ಐದನೇ ಒಂದು ಭಾಗ, ಅಷ್ಟೇ. ನಮ್ಮ ಮೆಟ್ರೋ ಕೂಡ ಎತ್ತರದ ಪೈಕಿಯೇ, ಮೂರಡಿಗಿಂತ ಕಡಿಮೆ ಇರೋ ಮಗುವಿಗೆ ಟಿಕೆಟ್ ಇಲ್ಲ.

ಈಗ ಚಾರ್ಟ್ ತೆಗೀರಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎರಡು ವರ್ಷ ತುಂಬಿದ ಹೆಣ್ಣುಮಗುವಿನ ಮಧ್ಯದ ಎತ್ತರ (ಅರ್ಧ ಮಕ್ಕಳು ಅದಕ್ಕಿಂತ ಉದ್ದ, ಅರ್ಧ ಗಿಡ್ಡ) 85.7 ಸೆಂ.ಮೀ., ಗಂಡುಮಗುವಿನದ್ದು 87.1. ಅಂದ್ರೆ ಎರಡನೇ ಹುಟ್ಟುಹಬ್ಬದ ಕೇಕ್ ಕತ್ತರಿಸೋ ಹೊತ್ತಿಗೆ 'ಉಚಿತ' ಮುಗೀತು. ಆ ಮಗು ಪಾರ್ಕಲ್ಲಿ ಹತ್ತೋದು ಏನನ್ನ? ಪುಟಾಣಿ ರೈಲು, ಮಂಡಿಯುದ್ದದ ನೀರು. ಹತ್ತು ವರ್ಷಕ್ಕೆ ಬನ್ನಿ: ಹುಡುಗಿ 138.6, ಹುಡುಗ 137.8. ಹನ್ನೊಂದಕ್ಕೆ ಹುಡುಗಿ 145, ಹುಡುಗ 143.1. ಇದು ಮಧ್ಯದ ಅಂಕಿ ಮಾತ್ರ. ಅದರ ಆಚೆ ಈಚೆ ಇರೋರು ಎಷ್ಟು ಜನ! ಉದ್ದ ಬೆಳೆಯೋ ಮನೆತನದ ಮಗು ಒಂಬತ್ತಕ್ಕೇ 140 ದಾಟಿರುತ್ತೆ. ಹನ್ನೆರಡು ತುಂಬಿದ ಗಿಡ್ಡ ಹುಡುಗ 135ರ ಆಸುಪಾಸಲ್ಲೇ ನಿಂತಿರಬಹುದು. ಇಬ್ಬರೂ ಆರೋಗ್ಯವಾಗಿದ್ದಾರೆ, ಡಾಕ್ಟರು ಇಬ್ಬರಿಗೂ ಏನೂ ಬರೆಯಲ್ಲ. ಆದ್ರೆ ಗೇಟಿನಲ್ಲಿ ಮೂರನೇ ಕ್ಲಾಸಿನೋಳು 'ದೊಡ್ಡೋಳು', ಏಳನೇ ಕ್ಲಾಸಿನೋನು 'ಮಗು'.

ಇನ್ನೊಂದು ಯಾರೂ ಗಮನಿಸಲ್ಲ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಜೋರಾಗಿ ಉದ್ದ ಬೆಳೀತಾರೆ. ಹಾಗಾಗಿ ಈ ಕೆಂಪು ಗೆರೆ ಮೊದಲು ಬಿಲ್ ಹಾಕೋದು ಹೆಣ್ಣುಮಕ್ಕಳಿಗೆ. ಅದೂ ಯಾವ ವಯಸ್ಸಲ್ಲಿ? ತಾನು ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ ಅಂತ ಬೆನ್ನು ಬಗ್ಗಿಸಿ ನಡೆಯೋಕೆ ಶುರು ಮಾಡೋ ವಯಸ್ಸಲ್ಲಿ. ಅಂಥವಳನ್ನ ಕ್ಯೂ ಮುಂದೆ ಜಿರಾಫೆಗೆ ಒರಗಿಸಿ ನಿಲ್ಲಿಸೋದು!

"ರೈಡ್ ಸೇಫ್ಟಿಗೆ ಎತ್ತರ ಬೇಕೇ ಬೇಕಲ್ವಾ" ಅಂತ ಕಾಮೆಂಟ್ ಹಾಕಕ್ಕೆ ಬೆರಳು ಎತ್ತಿದೋರು ತಡೀರಿ. ಬೇಕು. ಹೆಗಲ ಮೇಲೆ ಬಂದು ಕೂರೋ ಲಾಕು ಗಿಡ್ಡ ದೇಹಕ್ಕೆ ಸರಿಯಾಗಿ ಕೂರಲ್ಲ, ಮಗು ಕೆಳಗೆ ಜಾರುತ್ತೆ. ಅದರಲ್ಲಿ ಒಂದು ಸೆಂಟಿಮೀಟರೂ ಬಿಡಬಾರದು. ಆದ್ರೆ ಆ ಅಳತೆ ರೈಡಿನ ಬಾಗಿಲಲ್ಲಿ ಮತ್ತೆ ಮಾಡೇ ಮಾಡ್ತಾರಲ್ಲ? ಒಂದೊಂದು ರೈಡಿಗೆ ಒಂದೊಂದು ಎತ್ತರ. ಫ್ಲೋರಿಡಾದ ಡಿಸ್ನಿಯ ಸ್ಪೇಸ್ ಮೌಂಟನ್ ಅನ್ನೋ ರೈಡ್ 44 ಇಂಚು, ಅಂದ್ರೆ 112 ಸೆಂ.ಮೀ. ಕೇಳುತ್ತೆ, ಹಾಗಂತ ಅದೇ ಪಾರ್ಕಿನ ಟಿಕೆಟ್ ವಯಸ್ಸಿನ ಮೇಲೇ ಇದೆ. ಲಾಕಿಗೆ ಎತ್ತರ, ಕ್ಯಾಶ್ ಕೌಂಟರಿಗೆ ವಯಸ್ಸು. ಎರಡನ್ನ ಯಾಕೆ ಗಂಟು ಹಾಕ್ತೀರಿ?

"ವಯಸ್ಸಿಗೆ ದಾಖಲೆ ಯಾರು ತರ್ತಾರೆ, ಸುಳ್ಳು ಹೇಳ್ತಾರೆ." ಹೇಳ್ತಾರೆ, ಗೊತ್ತು. "ಯಾರಾದ್ರೂ ಕೇಳಿದ್ರೆ ನಾಲ್ಕು ವರ್ಷ ಅನ್ನು" ಅಂತ ರೈಲಲ್ಲಿ ಮಗುವಿಗೆ ಪಾಠ ಹೇಳಿಕೊಡದ ಮನೆ ಎಷ್ಟಿದೆ ನಮ್ಮಲ್ಲಿ! ಆದ್ರೂ ರೈಲ್ವೆ ವಯಸ್ಸನ್ನೇ ಹಿಡಿದಿದೆ: ಐದರೊಳಗೆ ಬರ್ತ್ ಕೇಳದಿದ್ರೆ ಉಚಿತ, ಐದರಿಂದ ಹನ್ನೆರಡು ತುಂಬೋವರೆಗೆ ಬರ್ತ್ ಇಲ್ಲದೆ ಅರ್ಧ, ಬರ್ತ್ ಬೇಕಂದ್ರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ನಮ್ಮ ಸರ್ಕಾರಿ ಬಸ್ಸಲ್ಲೂ ಆರು–ಹನ್ನೆರಡರ ಲೆಕ್ಕ ಇದೆ. ಐದರೊಳಗಿನ ಕೂಸಿಗೂ ನೀಲಿ ಬಣ್ಣದ 'ಬಾಲ ಆಧಾರ್' ಕಾರ್ಡ್ ಇರೋ ದೇಶದಲ್ಲಿ ದಾಖಲೆ ಇಲ್ಲ ಅನ್ನೋದು ನೆಪ.

ಚೀನಾದಲ್ಲಿ ರೈಲಿನ ಮಕ್ಕಳ ಟಿಕೆಟ್ಟಿಗೆ ವರ್ಷಗಟ್ಟಲೆ ಎತ್ತರವೇ ಅಳತೆಯಾಗಿತ್ತು, 1.2ರಿಂದ 1.5 ಮೀಟರ್. 2023ರ ಜನವರಿ 1ರಿಂದ ಆರು ತುಂಬಿ ಹದಿನಾಲ್ಕರೊಳಗೆ ಅಂತ ವಯಸ್ಸಿಗೆ ಬದಲಾಯಿಸಿದ್ರು. ಗ್ವಾಂಗ್‌ಡಾಂಗ್‌ನ ಗ್ರಾಹಕ ಮಂಡಳಿಯಂತೂ 2019ರಲ್ಲೇ ಒಂದು ದೊಡ್ಡ ಥೀಮ್ ಪಾರ್ಕಿನ ಮೇಲೆ ಇದೇ ಎತ್ತರದ ವಿಷಯಕ್ಕೆ ಕೋರ್ಟಿಗೆ ಹೋಗಿತ್ತು. ನಾವು ಜಿರಾಫೆಗೆ ಹೊಸ ಪೇಂಟ್ ಹೊಡೀತಾ ಇದ್ದೀವಿ.

ಹಾಗಂತ ವಯಸ್ಸು ನೋಡೋರೆಲ್ಲ ಧರ್ಮರಾಯರೇನಲ್ಲ. ಅಮೆರಿಕದ ಡಿಸ್ನಿಯಲ್ಲಿ ಮೂರರೊಳಗೆ ಉಚಿತ, 3ರಿಂದ 9 ಮಕ್ಕಳು, ಹತ್ತು ತುಂಬಿದ್ರೆ ದೊಡ್ಡವರು. ವೋಟಿಗೆ ಹದಿನೆಂಟು, ಮಿಕ್ಕಿ ಮೌಸಿಗೆ ಹತ್ತು! ಅದೇ ಕಂಪನಿಯ ಹೆಸರಲ್ಲಿ ಪ್ಯಾರಿಸ್ಸಿನಲ್ಲಿ 3ರಿಂದ 11. ಟೋಕಿಯೊದಲ್ಲಿ 4ರಿಂದ 11 ಮಕ್ಕಳು, 12ರಿಂದ 17ಕ್ಕೆ ಬೇರೆಯೇ ಜೂನಿಯರ್ ಟಿಕೆಟ್. ನನಗೆ ಟೋಕಿಯೊದ್ದೇ ಸರಿ ಅನ್ಸುತ್ತೆ, ಹದಿಮೂರರ ಹುಡುಗ ಮಗುವೂ ಅಲ್ಲ ಗಂಡಸೂ ಅಲ್ಲ ಅಂತ ಒಬ್ಬರಾದ್ರೂ ಒಪ್ಪಿಕೊಂಡ್ರಲ್ಲ. ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕಿಗೆ ಹೋಗೋರು ಮಕ್ಕಳ ಟಿಕೆಟ್ 4ರಿಂದ 12 ಅಂತ ನೆನಪಿಟ್ಕೊಳ್ಳಿ. ಇಂಥ ಕಡೆ ಬುಕ್ ಮಾಡೋ ದಿನದ ವಯಸ್ಸಲ್ಲ, ಒಳಗೆ ಹೋಗೋ ದಿನದ ವಯಸ್ಸು ಹಾಕಿ. ವಿಮಾನದಲ್ಲೂ ಹಾಗೇ: ಹೋಗುವಾಗ ಎರಡು ತುಂಬಿರದ ಮಗು ಬರುವಾಗ ತುಂಬಿದ್ರೆ ವಾಪಸ್ಸಿಗೆ ಸೀಟ್ ತಗೋಬೇಕು.

ಸರಿ, ಬೈದು ಆಯ್ತು. ರಜೆಗೆ ಮಕ್ಕಳನ್ನ ಕರ್ಕೊಂಡು ಹೋಗೋರು ಮನೆಯಲ್ಲೇ ಅಳೀರಿ, ಗೇಟಲ್ಲಿ ಹೆಗಲು ಒತ್ತೋದು ತಪ್ಪುತ್ತೆ. ಶೂ, ಸಾಕ್ಸ್ ತೆಗೆಸಿ. ಜುಟ್ಟು ಬಿಚ್ಚಿ, ಮೇಲೆ ಕಟ್ಟಿದ ಜುಟ್ಟೊಂದೇ ಎರಡು ಮೂರು ಸೆಂ.ಮೀ. ಸೇರಿಸುತ್ತೆ. ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಿರಲಿ. ಆದ್ರೆ ಕೆಳಗೆ ಸ್ಕರ್ಟಿಂಗ್ ಟೈಲ್ ಮುಂದಕ್ಕೆ ಚಾಚಿರೋ ಗೋಡೆ ಬೇಡ, ಬಾಗಿಲ ಚೌಕಟ್ಟು ವಾಸಿ. ಗದ್ದ ಮೇಲೆತ್ತೋದೂ ಬೇಡ, ಎದೆಗೆ ಒತ್ತೋದೂ ಬೇಡ, ಕಣ್ಣಿನ ಕೆಳ ಅಂಚು, ಕಿವಿ ತೂತು ಒಂದೇ ಮಟ್ಟಕ್ಕೆ. ತಲೆ ಮೇಲೆ ದಪ್ಪ ರಟ್ಟಿನ ಪುಸ್ತಕ ಗೋಡೆಗೆ ಆನಿಸಿ ಇಟ್ಟು, ಅದರ ಕೆಳ ಅಂಚಿಗೆ ಪೆನ್ಸಿಲ್ ಗೀಟು. ಅಳೆಯೋಕೆ ಸ್ಟೀಲ್ ಟೇಪ್; ಹೊಲಿಗೆ ಟೇಪ್ ಹಳೇದಾದ್ರೆ ಹಿಗ್ಗಿರುತ್ತೆ. ಪುಟ್ಟ ಮಗುವನ್ನ ಮಲಗಿಸಿ ಅಳೆದಿದ್ರೆ 0.7 ಸೆಂ.ಮೀ. ಕಳೀರಿ, 85ರ ಅಂಚಲ್ಲಿ ಅದೇ ದುಡ್ಡು. ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಗಿಂತ ಸುಮಾರು ಒಂದು ಸೆಂ.ಮೀ. ಜಾಸ್ತಿ ಇರುತ್ತೆ, ಬೆನ್ನುಹುರಿ ಸುತ್ತಲಿನ ಮೂಳೆಗಳ ಮಧ್ಯದ ಮೆತ್ತೆ ದಿನವಿಡೀ ಒತ್ತಿ ಕುಗ್ಗೋದ್ರಿಂದ. ಪಾರ್ಕ್ ತೆರೆಯೋದೋ, ಬೆಳಗ್ಗೆ. ಅವರಿಗೆ ಲಾಭ.

ಗೆರೆಯ ಅಂಚಲ್ಲಿರೋ ಮಗುವಿಗೆ ಆನ್‌ಲೈನಲ್ಲಿ ಮಕ್ಕಳ ಟಿಕೆಟ್ಟೇ ತಗೊಳ್ಳಿ. ಜಾಸ್ತಿ ಬಂದ್ರೆ ಗೇಟಲ್ಲಿ ವ್ಯತ್ಯಾಸ ಕಟ್ಟಿಸ್ಕೋತಾರೆ. ದೊಡ್ಡವರ ಟಿಕೆಟ್ ತಗೊಂಡು ಹೋಗಿ ಕಡಿಮೆ ಬಂದ್ರೆ ದುಡ್ಡು ವಾಪಸ್ ಕೇಳೋಕೆ ಹೋಗಿ ಅರ್ಧ ದಿನ ಕಳ್ಕೋತೀರಿ. ಶೂ ತೆಗೆಸಿ ಅಳೀರಿ ಅಂತ ಬಾಯಿಬಿಟ್ಟು ಕೇಳಿ, ಅವರಾಗಿ ಹೇಳಲ್ಲ.

ಅಂದ ಹಾಗೆ, ಆ ಜಿರಾಫೆ ಪಕ್ಕ 'ನಾಲ್ಕೂವರೆ ಅಡಿ' ಅಂತ ಬರೆದಿತ್ತು. ಕೌಂಟರಿನ ದರಪಟ್ಟಿಯಲ್ಲಿ ಇದ್ದಿದ್ದು 140 ಸೆಂ.ಮೀ. ನಾಲ್ಕೂವರೆ ಅಡಿ ಅಂದ್ರೆ 137.16. ಹುಡುಗಿ ಕಾಲಲ್ಲಿ ದಪ್ಪ ಅಟ್ಟೆಯ ಸ್ಯಾಂಡಲ್ ಬೇರೆ. ಅಮ್ಮ ಆಗಲೇ ಕಾರ್ಡ್ ಉಜ್ಜಿದ್ರು.