ಮೂವತ್ತನ್ನು ಹಾರಿಸಿ ಮೂವತ್ತೊಂದು

ಜ್ಯೂಸ್ ಅಂಗಡಿಯ ಮುಂದೆ ನಿಂತ ಹುಡುಗಿಗೆ ತಲೆಯ ಶಾಲು ಸರಿಮಾಡಿಕೋ ಎಂದು ಬುದ್ಧಿ ಹೇಳುವ ಮತ್ತೊಂದು ವಿಡಿಯೋ ಬಂದಿದೆ. ನೀವೂ ನೋಡಿರುತ್ತೀರಿ. ಕೆಳಗೆ ಕುರ್‌ಆನಿನ 24ನೇ ಅಧ್ಯಾಯದ 31ನೇ ವಚನ, ಹೆಂಗಸರು ಎದೆಯ ಮೇಲೆ ಶಾಲು ಹೊದೆಯಬೇಕು ಎಂಬುದು. ನಮ್ಮ ಹುಡುಗರ ಪಾಂಡಿತ್ಯಕ್ಕೆ ಶರಣು! 31ಕ್ಕೆ ಬರಬೇಕಾದರೆ 30ನ್ನು ದಾಟಬೇಕು. ಅಲ್ಲಿ ದೃಷ್ಟಿ ತಗ್ಗಿಸಲು ಹೇಳಿರುವುದು ಗಂಡಸರಿಗೆ. ತಗ್ಗಿಸಿದ್ದರೆ ಶಾಲು ಜಾರಿದ್ದೇ ಗೊತ್ತಾಗುತ್ತಿರಲಿಲ್ಲ, ಇನ್ನು ವಿಡಿಯೋ ಎಲ್ಲಿಂದ?

ಉಡುಪಿನ ಮಾತು ಬಂತಲ್ಲ, ಗಂಡಸರದ್ದೂ ಆಗಿಹೋಗಲಿ. ಶಾಫಿಈ ಮದ್‌ಹಬ್ ಎಂಬ ಧರ್ಮಶಾಸ್ತ್ರದ ಪಂಥದಲ್ಲಿ ಗಂಡಸು ಹೊಕ್ಕುಳಿಂದ ಮೊಣಕಾಲಿನವರೆಗೆ ಮುಚ್ಚಿಕೊಳ್ಳಬೇಕು. ರಾತ್ರಿ ಟರ್ಫ್‌ನಲ್ಲಿ ಫುಟ್‌ಬಾಲ್ ಆಡುವವರ ಚಡ್ಡಿ ಅರ್ಧ ತೊಡೆಗೇ ಮುಗಿಯುತ್ತದೆ. ಪಾದದ ಗಂಟಿನಿಂದ ಕೆಳಗಿಳಿದ ಬಟ್ಟೆ ನರಕಕ್ಕೆ ಎಂಬ ಹದೀಸ್, ಅಂದರೆ ಪ್ರವಾದಿಯ ಮಾತು, ಬುಖಾರಿಯ ಸಂಗ್ರಹದಲ್ಲೇ ಇದೆ. ಜೀನ್ಸ್ ಮಾತ್ರ ರಸ್ತೆ ಗುಡಿಸುತ್ತಿರುತ್ತದೆ. ಕೇಳಿದರೆ, "ಅಹಂಕಾರದಿಂದ ಇಳಿಬಿಟ್ಟರೆ ಮಾತ್ರ ಅದು" ಎಂಬ ವ್ಯಾಖ್ಯಾನ ಥಟ್ಟನೆ ಬರುತ್ತದೆ. ಇದೆ, ಹಾಗೆ ಹೇಳಿದ ವಿದ್ವಾಂಸರಿದ್ದಾರೆ. ಪ್ಯಾಂಟಿಗೆ ಸಿಕ್ಕಿದ ವಿದ್ವಾಂಸರು ಶಾಲಿಗೆ ಯಾಕೋ ಸಿಗುವುದಿಲ್ಲ.

2022ರಲ್ಲಿ ಕಾಲೇಜುಗಳಲ್ಲಿ ಹಿಜಾಬ್ ತಡೆದಾಗ ಎದುರು ಕಡೆಯವರಿಗೂ ಒಂದು ಸೀಸನ್ ಮಟ್ಟಿಗೆ ಕುರ್‌ಆನ್ ಮೇಲೆ ಪ್ರೀತಿ ಉಕ್ಕಿತ್ತು. ಕಡ್ಡಾಯ ಅಂತ ಎಲ್ಲಿದೆ ತೋರಿಸಿ ಎಂದು ಟಿವಿ ಸ್ಟುಡಿಯೋದಲ್ಲಿ ಕೂತು ತಫ್ಸೀರ್, ಅಂದರೆ ಕುರ್‌ಆನಿನ ವ್ಯಾಖ್ಯಾನ, ಹೇಳಿದ್ದೇ ಹೇಳಿದ್ದು. ಮಾರ್ಚ್ 15ಕ್ಕೆ ಹೈಕೋರ್ಟು ಹಿಜಾಬ್ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಪರೀಕ್ಷೆ ಬರೆಯದೆ ಮನೆಗೆ ಮರಳಿದ ಹುಡುಗಿಯರು ಅಷ್ಟರಲ್ಲಿ ಯಾರಿಗೂ ಬೇಡವಾಗಿದ್ದರು.

ಕಡ್ಡಾಯವೇ ಬೇಕಿದ್ದರೆ 4ನೇ ಅಧ್ಯಾಯ ತೆರೆಯಿರಿ. ಹೆಣ್ಣಿಗೆ ಸಲ್ಲುವ ವಿವಾಹಧನ ಮಹರನ್ನು ಮನಃಪೂರ್ವಕ ಕೊಡಿ ಎನ್ನುತ್ತದೆ 4ನೇ ವಚನ. ಕೊಡುವವನು ಗಂಡು. ಇಲ್ಲಿ ಚಿನ್ನದ ಪವನ್ ಲೆಕ್ಕ ಹೆಣ್ಣಿನ ಮನೆಯಿಂದ ಶುರುವಾಗುತ್ತದೆ. 11 ಮತ್ತು 12ರಲ್ಲಿ ಆಸ್ತಿಯ ಪಾಲು, ಭಿನ್ನರಾಶಿ ಸಮೇತ. ಅಪ್ಪ 32 ಸೆಂಟ್ಸ್ ಜಾಗ ಬಿಟ್ಟು ತೀರಿಹೋದ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ ಅನ್ನಿ. ಮೊದಲು ಸಾಲ ತೀರಬೇಕು, ಕೊಡದೆ ಉಳಿದ ಮಹರೂ ಸಾಲವೇ. ಆಮೇಲೆ ಹೆಂಡತಿಗೆ ಎಂಟನೇ ಒಂದು, 4 ಸೆಂಟ್ಸ್. ಉಳಿದ 28ರಲ್ಲಿ ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ಮಗನಿಗೆ ಎರಡು ಪಾಲು ಎಂಬುದು ಎಲ್ಲರಿಗೂ ಬಾಯಿಪಾಠ. ಮಗಳಿಗೆ ಒಂದು ಪಾಲು ಎಂಬುದೂ ಅದೇ ವಾಕ್ಯದಲ್ಲಿದೆ, ಮಾರಾಯ್ರೇ! ಈ ಎಲ್ಲೆ ಮೀರಿದವನಿಗೆ ನರಕ ಎಂದು 14ನೇ ವಚನ ಬೇರೆ ಎಚ್ಚರಿಸಿದೆ. ತಲೆಗೂದಲು ಕಾಣಿಸಿದವಳಿಗೆ ಕುರ್‌ಆನ್ ಒಂದು ಏಟನ್ನೂ ವಿಧಿಸಿಲ್ಲ. ಆದರೂ ಎಷ್ಟು ವರ್ಷದಿಂದ ಕೂದಲನ್ನೇ ಎಣಿಸುತ್ತಾ ಕೂತಿದ್ದೀರಿ? ಸಾಕಾಗಿದೆ.

ತಂಗಿಯ 7 ಸೆಂಟ್ಸ್ ಹೋಗುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. "ನಿನ್ನ ಮದುವೆಗೆ ಅಷ್ಟು ಪವನ್ ಹಾಕಿದ್ದೇವಲ್ಲ ಮಾರಾಯ್ತಿ" ಎಂದು ಕರೆತಂದಿರುತ್ತಾರೆ. ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಆಯಿತು, ಹೆಬ್ಬೆಟ್ಟು ಆಯಿತು. ಇನ್ನು ಫೋಟೋ. ಮುಖ ಕಾಣಬೇಕು ಎನ್ನುತ್ತಾನೆ ಕಂಪ್ಯೂಟರಿನವ. ಬೀದಿಯಲ್ಲಿ ಅವಳ ಶಾಲು ಒಂದಿಂಚು ಜಾರಲು ಬಿಡದ ಅಣ್ಣ ಅವಸರದಿಂದ ಮುಂದೆ ಬಗ್ಗುತ್ತಾನೆ: "ನಿಖಾಬ್ ತೆಗಿ, ಬೇಗ. ಫೋಟೋ ಸರಿ ಬರ್ಲಿ."