ಸೂಜಿಯ ನಂತರದ ಅರ್ಧ ಗಂಟೆ

"ಸೂಜಿ ಮಾಡೂದು ಮುಗೀತಲ್ರೀ ಸಿಸ್ಟರ್, ಇನ್ನ ಯಾಕ ಕುಂತೀರಿ? ಕುಂತಿದ್ದಕ್ಕೂ ರೊಕ್ಕ ಹಿಡೀತೀರೇನು?"

ಇಂದು ಬೆಳಿಗ್ಗೆ ಬಾಗಲಕೋಟೆಯ ನವನಗರದ ಮನೆಯೊಂದರಲ್ಲಿ ರೋಗಿಯ ಮಗ ಕೇಳಿದ ಈ ಮಾತು ಸಂಜೆಯಾದರೂ ಮನಸ್ಸಿನಿಂದ ಹೋಗಿಲ್ಲ. ಅವರು ಕೆಟ್ಟವರೇನಲ್ಲ, ತಂದೆಯನ್ನು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಾರೆ. ಆದರೆ ಇದೇ ಮಾತನ್ನು ಹಳೇ ಬಾಗಲಕೋಟೆಯಲ್ಲಿ, ವಿದ್ಯಾಗಿರಿಯಲ್ಲಿ, ಗದ್ದನಕೇರಿ ಕಡೆಯ ಮನೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ಆಸ್ಪತ್ರೆಯ ತೀವ್ರ ನಿಗಾ ಘಟಕದ (ಐಸಿಯು) ನರ್ಸ್ ಕೆಲಸ ಬಿಟ್ಟು, ರೋಗಿಗಳನ್ನು ನೋಡಲು ಮನೆಗಳಿಗೆ ಹೋಗಲು ಶುರುಮಾಡಿದ್ದು ನಿಮಗೆಲ್ಲ ಗೊತ್ತೇ ಇದೆ. ನಾನು ನೋಡುವವರಲ್ಲಿ ಹೆಚ್ಚಿನವರು ಆ ವಾರವೇ ಕಾಯಿಲೆ ಜೋರಾದವರು: ನ್ಯುಮೋನಿಯಾ ಆದವರು, ಹಳೆಯ ಉಬ್ಬಸ ಏಕಾಏಕಿ ಉಲ್ಬಣಿಸಿದವರು, ಸಕ್ಕರೆ ಕಾಯಿಲೆಯಿಂದ ಕಾಲಿಗೆ ಸೋಂಕು ಹತ್ತಿದವರು. ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಇಂಜೆಕ್ಷನ್, ಆಕ್ಸಿಜನ್, ಔಷಧವನ್ನು ಹಬೆಯಾಗಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಎಲ್ಲವೂ ಮನೆಯಲ್ಲೇ ನಡೆಯುತ್ತವೆ. ಇದರಲ್ಲಿ ಸೂಜಿಯ ಕೆಲಸ ಐದು ನಿಮಿಷದ್ದು. ಜನರ ಕಣ್ಣಿಗೆ ಬೀಳುವುದೂ ಅದೊಂದೇ, ಅವರು ಬೆಲೆ ಕಟ್ಟುವುದೂ ಅದೊಂದಕ್ಕೇ.

ಉಳಿದ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇನೆಂದು ವಿವರವಾಗಿಯೇ ಹೇಳುತ್ತೇನೆ. ಔಷಧ ಮೈಗೆ ಒಗ್ಗದಿದ್ದರೆ ಗಂದೆ ಏಳುವುದು, ಗಂಟಲು ಬಿಗಿಯುವುದು, ರಕ್ತದೊತ್ತಡ ಕುಸಿಯುವುದು ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ನಡೆದುಬಿಡುತ್ತವೆ. ಆದ್ದರಿಂದ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ ಎಂದು ನಾನು ಹಟ ಹಿಡಿಯುತ್ತೇನೆ. ಮುಂದಿನ ಡೋಸ್‌ಗಳಿಗೂ ಚೀಲದಲ್ಲಿ ಇಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಇಲ್ಲದೆ ಯಾರ ಹೊಸ್ತಿಲನ್ನೂ ದಾಟುವುದಿಲ್ಲ. ಅಂಥ ಲಕ್ಷಣ ಕಂಡರೆ ವಯಸ್ಕರಿಗೆ ಅದರ 0.5 ಮಿಲಿಗ್ರಾಂ ತೊಡೆಯ ಹೊರಭಾಗದ ಸ್ನಾಯುವಿಗೆ ತಡಮಾಡದೆ ಹೋಗಬೇಕು. ಸೂಜಿ ಮಾಡಿದವಳು ಆಗಲೇ ಸ್ಕೂಟಿ ಹತ್ತಿ ಮುಂದಿನ ಸೆಕ್ಟರ್ ಸೇರಿದ್ದರೆ ಅದನ್ನು ಕೊಡುವವರು ಯಾರು?

ಇನ್ನು ಉಸಿರಿನ ವಿಷಯ. ಕೋವಿಡ್ ಬಂದು ಹೋದ ಮೇಲೆ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಮಟ್ಟ ನೋಡುವ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿದೆ, ಅದರಲ್ಲಿ 94 ಕಂಡರೆ ಮನೆಯವರು ನಿಶ್ಚಿಂತರಾಗುತ್ತಾರೆ. ಆಕ್ಸಿಜನ್ ಹಚ್ಚಿರುವಾಗ ಆ ಅಂಕಿ ಚೆನ್ನಾಗಿಯೇ ಇದ್ದು, ರೋಗಿ ಮಾತ್ರ ಒಂದೊಂದು ಉಸಿರಿಗೂ ಒದ್ದಾಡುತ್ತಿರಬಹುದು. ಅದಕ್ಕಾಗಿಯೇ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸುತ್ತೇನೆ. ಎಣಿಸುತ್ತಿರುವುದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುವುದರಿಂದ, ನಾಡಿ ನೋಡುವವಳಂತೆ ಕೈ ಹಿಡಿದು ಕುಳಿತು ಎದೆಯ ಏರಿಳಿತವನ್ನು ಗಮನಿಸುತ್ತೇನೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಹದಗೆಟ್ಟಷ್ಟೂ ಹೆಚ್ಚು ಅಂಕ ಕೊಡುವ ಅಂಕಪಟ್ಟಿ ನನ್ನ ಡೈರಿಯಲ್ಲಿ ಸದಾ ಇರುತ್ತದೆ. ಅದರ ಪ್ರಕಾರ ನಿಮಿಷಕ್ಕೆ 12ರಿಂದ 20 ಉಸಿರಿದ್ದರೆ ಸೊನ್ನೆ, 21ರಿಂದ 24 ಇದ್ದರೆ 2 ಅಂಕ, 25 ಮುಟ್ಟಿದರೆ 3. ನಾಡಿ, ಜ್ವರ, ರಕ್ತದೊತ್ತಡ, ಆಕ್ಸಿಜನ್ ಮಟ್ಟ, ಎಚ್ಚರದ ಸ್ಥಿತಿ ಇವೆಲ್ಲವನ್ನೂ ಕೂಡಿಸಿ ಮೊತ್ತ 5 ಆದರೆ ವೈದ್ಯರಿಗೆ ತುರ್ತು ಕರೆ, 7 ಆದರೆ ನಾನು 108ಕ್ಕೆ ಫೋನ್ ಮಾಡಿಯೇ ಮಾಡುತ್ತೇನೆ. ಈ ಲೆಕ್ಕ ನಡೆಯುವಾಗ ನೋಡುವವರಿಗೆ ನಾನು ಸುಮ್ಮನೆ ಕುಳಿತವಳಂತೆ ಕಾಣುತ್ತೇನೆ.

ಹಿಂದೊಮ್ಮೆ ಸಿಓಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದ ಅಜ್ಜನವರೊಬ್ಬರಿಗೆ ರಾತ್ರಿ ದಮ್ಮು ಹತ್ತಿತೆಂದು ಮನೆಯವರು ಆಕ್ಸಿಜನ್ ಮಷಿನ್ನಿನ ಹರಿವನ್ನು ನಿಮಿಷಕ್ಕೆ 1 ಲೀಟರ್‌ನಿಂದ 4ಕ್ಕೆ ಏರಿಸಿದ್ದರು. ಬೆಳಿಗ್ಗೆ ನಾನು ಹೋದಾಗ, "ಇವತ್ತ ಅಜ್ಜಾರು ಭಾಳ ಆರಾಮ ಮಲಗ್ಯಾರ್ರೀ" ಎಂದು ಸೊಸೆ ಸಂತೋಷದಿಂದ ಹೇಳಿದಳು. ಆಕ್ಸಿಮೀಟರ್ 97 ತೋರಿಸುತ್ತಿತ್ತು. ಇಂಥ ರೋಗಿಗಳಲ್ಲಿ ಅನೇಕರಿಗೆ ಅದು 88ರಿಂದ 92ರ ನಡುವೆ ಇದ್ದರೆ ಸಾಕು. ಅತಿಯಾದ ಆಕ್ಸಿಜನ್‌ನಿಂದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ಮನೆಯವರು ಅದನ್ನೇ ನೆಮ್ಮದಿಯ ನಿದ್ದೆ ಎಂದು ತಿಳಿದಿದ್ದರು. ವೈದ್ಯರಿಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಹರಿವನ್ನು ಹಂತ ಹಂತವಾಗಿ ಇಳಿಸುತ್ತಲೇ ಆಂಬ್ಯುಲೆನ್ಸ್ ಕರೆಸಿದೆವು. ಆ ಮನೆಯಲ್ಲಿ ಅಂದು ಕೊಡಬೇಕಾಗಿದ್ದ ಸೂಜಿಯನ್ನು ನಾನು ಕೊಡಲೇ ಇಲ್ಲ. ಸೂಜಿಗಷ್ಟೇ ಹಣ ಎನ್ನುವವರ ಲೆಕ್ಕದಲ್ಲಿ ಅಂದು ನಾನು ಏನೂ ಕೆಲಸ ಮಾಡಲಿಲ್ಲ.

ಇಷ್ಟೆಲ್ಲ ಅಪಾಯವಿದ್ದರೆ ಆಸ್ಪತ್ರೆಯಲ್ಲೇ ಇರಲಿ, ಮನೆಗೇಕೆ ತರಬೇಕು ಎಂದು ಕೇಳುವವರಿದ್ದಾರೆ. ರಕ್ತದೊತ್ತಡ ನಿಲ್ಲದವರನ್ನು, ಪ್ರಜ್ಞೆ ತಪ್ಪುತ್ತಿರುವವರನ್ನು ಮನೆಯಲ್ಲಿಡಿ ಎಂದು ನಾನು ಎಂದೂ ಹೇಳಿಲ್ಲ. ಆದರೆ ವಯಸ್ಸಾದವರು ಆಸ್ಪತ್ರೆಯ ಹಾಸಿಗೆಯಲ್ಲಿ ಹಗಲು ರಾತ್ರಿಯ ಅರಿವು ತಪ್ಪಿ ಕಂಗಾಲಾಗುವುದನ್ನು, ನಡೆದು ಬಂದವರು ಮಲಗಿದಲ್ಲೇ ಕಾಲಿನ ಶಕ್ತಿ ಕಳೆದುಕೊಳ್ಳುವುದನ್ನು, ಬಂದ ಕಾಯಿಲೆಯ ಜೊತೆಗೆ ಅಲ್ಲಿನ ಸೋಂಕನ್ನೂ ಹೊತ್ತು ಹೋಗುವುದನ್ನು ನಾನು ಐಸಿಯುವಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅಮೆರಿಕದ ವೈದ್ಯಕೀಯ ಸಂಸ್ಥೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1990ರ ದಶಕದಲ್ಲೇ ಇಂಥ ರೋಗಿಗಳನ್ನು ಆರಿಸಿ ಮನೆಯಲ್ಲಿ ಚಿಕಿತ್ಸೆ ಕೊಡುವ ಪದ್ಧತಿಯನ್ನು ರೂಪಿಸಿದರು. ಅಲ್ಲಿ ವೈದ್ಯರೂ ನರ್ಸ್‌ಗಳೂ ಮನೆಗೆ ಹೋಗಿ ನೋಡುತ್ತಿದ್ದರು. ನೋಡುವುದನ್ನು ಕೈಬಿಟ್ಟು ಸೂಜಿಯನ್ನಷ್ಟೇ ಉಳಿಸಿಕೊಂಡರೆ ಮನೆಯ ಚಿಕಿತ್ಸೆ ಅಪಾಯಕಾರಿಯೇ ಹೌದು.

ಒಂದು ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಐಸಿಯುವಿನಲ್ಲಿ ಮಾನಿಟರ್ ಕೂಗುತ್ತಿತ್ತು, ಕರೆದರೆ ಡ್ಯೂಟಿ ಡಾಕ್ಟರ್ ಓಡಿ ಬರುತ್ತಿದ್ದರು. ಮನೆಗಳಲ್ಲಿ ನಾನೊಬ್ಬಳೇ. ಮೆಟ್ಟಿಲು ಹತ್ತುವಾಗ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ, ಕರೆಂಟ್ ಹೋಗಿ ಆಕ್ಸಿಜನ್ ಮಷಿನ್ ನಿಂತರೆ ಏನು ಗತಿ ಎಂಬ ಯೋಚನೆ ನಿದ್ದೆಯಲ್ಲೂ ಬಿಡುವುದಿಲ್ಲ. 1,500 ಲೀಟರ್‌ನ ಸಿಲಿಂಡರ್ ಒಂದನ್ನು ಮೂಲೆಯಲ್ಲಿ ಇಟ್ಟುಕೊಳ್ಳಿ, ನಿಮಿಷಕ್ಕೆ 2 ಲೀಟರ್‌ನಂತೆ ಸುಮಾರು 12 ಗಂಟೆ ಬರುತ್ತದೆ ಎಂದರೆ ಅದನ್ನೂ ನಾನು ಸುಮ್ಮನೆ ಹೇಳುವ ಖರ್ಚು ಎಂದುಕೊಳ್ಳುತ್ತಾರೆ. ಇಷ್ಟು ಹೊಣೆ ಹೊತ್ತವಳನ್ನು ಕುಳಿತದ್ದಕ್ಕೆ ಲೆಕ್ಕ ಕೇಳಿದಾಗ ನೋವಾಗುತ್ತದೆ.

ಆದ್ದರಿಂದ ಇನ್ನು ಮುಂದೆ ನನ್ನನ್ನು ಕರೆಯುವ ಮನೆಯವರು ವೈದ್ಯರ ಸಹಿ ಇರುವ ಒಂದು ಹಾಳೆಯನ್ನು ಮೊದಲೇ ತಂದಿಟ್ಟಿರಬೇಕು: ಆಕ್ಸಿಜನ್ ಮಟ್ಟ ಎಷ್ಟರಿಂದ ಎಷ್ಟರೊಳಗಿರಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಒಯ್ಯಬೇಕು, ನಡುರಾತ್ರಿ ಫೋನ್ ಎತ್ತುವ ವೈದ್ಯರು ಯಾರು ಎಂಬುದು ಅದರಲ್ಲಿ ಬರೆದಿರಬೇಕು. ನನ್ನ ಶುಲ್ಕ ಭೇಟಿಯ ಪೂರ್ತಿ ಅವಧಿಗೆ, ಸೂಜಿ ಇರಲಿ ಇಲ್ಲದಿರಲಿ. ನಾಳೆ ನವನಗರದ ಆ ಮನೆಯವರಿಗೂ ಇದನ್ನೇ ಹೇಳುತ್ತೇನೆ.